ಅಳತೆಗೆ ಒಯ್ದ ವೈರು

ಹೊಲಿಗೆ ಅಂಗಡಿಯ ಹಿಂದಿನ ಕೋಣೆ,
ಗುರುವಾರ, ಇಪ್ಪತ್ತನೇ ತಾರೀಖು, ಮಧ್ಯಾಹ್ನ

ಸಮುದ್ರದ ಮೇಲಿರುವ ನನ್ನವರಿಗೆ,

ಹೇಗಿದ್ದೀರಿ? ಹಡಗಿನ ಅಡುಗೆಮನೆಯಲ್ಲಿ ನಿಂತು ನಿಂತು ಕಾಲು ಊದಿಕೊಳ್ಳುತ್ತದೆ ಎಂದು ಬರೆದಿದ್ದಿರಿ, ಈಗ ಇಳಿದಿದೆಯೇ? ಕೈ ಮೇಲೆ ಎಣ್ಣೆ ಸಿಡಿದದ್ದು ಮಾಯಿತೇ? ಅಷ್ಟು ಜನಕ್ಕೆ ಬೇಯಿಸಿ ಹಾಕುವ ನೀವು ಸ್ವಂತ ಹೊಟ್ಟೆಗೆ ಸರಿಯಾಗಿ ತಿನ್ನುವುದಿಲ್ಲ ಎಂಬುದು ಅತ್ತೆಯ ಗುಮಾನಿ. "ಅವನು ಊರವರ ತಟ್ಟೆ ನೋಡ್ತಾನೆ, ತನ್ನ ತಟ್ಟೆ ನೋಡಲ್ಲ. ಬರಿ, ನಾನು ಹೇಳಿದ ಹಾಗೇ ಬರಿ" ಎಂದು ಹೆಗಲ ಮೇಲೆ ಬಗ್ಗಿ ನಿಂತಿದ್ದರು. ಬರೆದಿದ್ದೇನೆ, ನೋಡಿ ಹೋಗಿದ್ದಾರೆ. ಅವರ ಮಂಡಿ ನೋವು ಹಾಗೇ ಇದೆ, ಬಾಯಿಗೆ ಮಾತ್ರ ಯಾವ ನೋವೂ ಇಲ್ಲ. ನಾನು ಚೆನ್ನಾಗಿದ್ದೇನೆ. ಹೋದ ವಾರ ನೀವು ಬಂದರಿನಿಂದ ಫೋನ್ ಮಾಡಿದಾಗ ಎರಡು ಸಲ "ಹೂಂ" ಎಂದು ಅತ್ತೆಯ ಕೈಗೆ ಕೊಟ್ಟುಬಿಟ್ಟೆನಲ್ಲ, ಅದಕ್ಕೆ ಬೇಸರ ಮಾಡಿಕೊಳ್ಳಬೇಡಿ. ಐದನೇ ತರಗತಿಗೆ ನಿಂತ ಶಾಲೆ ನನಗೆ ಓದು ಬರಹ ಕೊಟ್ಟಿತು, ಮಾತು ಕೊಡಲಿಲ್ಲ. ಕಾಗದ ಸಿಕ್ಕರೆ ನನಗೂ ಬಾಯಿ ಬರುತ್ತದೆ. ಇವತ್ತು ಹೇಳುವುದು ಬೇಕಾದಷ್ಟಿದೆ, ಒಲೆಯ ಉರಿ ಸಣ್ಣ ಮಾಡಿ ಕೂತು ಓದಿ.

ಹಾಡುತ್ತೇನೆಂದು ಕೊಂಡು ತಂದು, ನಾಲ್ಕು ದಿನ ಓಣಿಯವರ ನಿದ್ದೆ ಕೆಡಿಸಿ, ಆಮೇಲೆ ಹಡಗು ಹತ್ತಿಬಿಟ್ಟಿರಲ್ಲ, ಆ ಮೈಕು, ಅದನ್ನು ಕಂಪ್ಯೂಟರಿಗೆ ಸೇರಿಸುವ ಎರಡು ತಿರುಪಿನ ಬೂದು ಡಬ್ಬಿ, ಕಿವಿಗೆ ಹಾಕುವ ಹೆಡ್‌ಫೋನು, ಹಳೇ ಕಂಪ್ಯೂಟರು, ಎಲ್ಲ ಈಗ ನನ್ನ ಕೈಯಲ್ಲಿವೆ. ನಗಬೇಡಿ. ಮಧ್ಯಾಹ್ನ ಅಂಗಡಿಯಲ್ಲಿ ಹೊಲಿಗೆ ನಡೆಯುವಾಗ ನಾನು ಪರದೆಯ ಹಿಂದೆ ಕೂತು ಎಲ್ಲರಿಗೂ ಕಥೆ ಓದುವುದು ನಿಮಗೆ ಗೊತ್ತು. ಮುಖ ಕಾಣಿಸದಿದ್ದರೆ ನನ್ನ ದನಿ ನಡುಗುವುದಿಲ್ಲ. ಅಂಗಿಗೆ ಗುಂಡಿ ಹಾಕುವ ನಮ್ಮ ಗುಂಡಿ ಅಕ್ಕ ಅದಕ್ಕೇ ನನ್ನನ್ನು "ರೇಡಿಯೋ" ಎಂದು ಕರೆಯುವುದು. ಅವಳ ಅಣ್ಣನಿಗೆ ಕಣ್ಣು ಕಾಣುವುದಿಲ್ಲ. ಅವನು ದನಿ ಪುಸ್ತಕದ ಗ್ರಂಥಾಲಯದಿಂದ ಪುಸ್ತಕ ತರಿಸಿಕೊಂಡು ಕೇಳುತ್ತಾನೆ. ದೊಡ್ಡದೊಂದು ಕಾದಂಬರಿ ಓದಲು ಹೊಸಬರು ಬೇಕಾಗಿದ್ದಾರೆ, ಮನೆಯಲ್ಲೇ ಒಂದು ಅಧ್ಯಾಯ ಓದಿ ಕಳಿಸಬೇಕು, ಹಿಡಿಸಿದರೆ ಇಡೀ ಪುಸ್ತಕ ಅವರಿಗೇ ಎಂದು ಅಲ್ಲಿಂದ ತಿಳಿಸಿದ್ದರಂತೆ. ಗುಂಡಿ ಅಕ್ಕ ನನ್ನನ್ನು ಒಂದು ಮಾತೂ ಕೇಳದೆ ನನ್ನ ವಿಳಾಸ ಕೊಟ್ಟು ಬಂದಳು. "ನಮ್ಮೂರ ನಾಲ್ಕು ಹೊಲಿಗೆ ಮಿಷನ್ನು ನಿನ್ನ ದನಿ ಕೇಳಿ ಹಾಳಾಗಿದ್ದು ಸಾಕು, ಊರೆಲ್ಲ ಕೇಳಲಿ" ಎಂದಳು. ನನಗೆ ಎದೆ ಡವಡವ. ಆದರೂ, ನಿಮಗೆ ಮಾತ್ರ ಹೇಳುತ್ತೇನೆ, ಆ ಪುಸ್ತಕ ನನಗೆ ಬೇಕಾಗಿತ್ತು. ಇಷ್ಟು ವರ್ಷದಲ್ಲಿ ಯಾವುದನ್ನೂ ನಾನು ಅಷ್ಟು ಬೇಕೆಂದುಕೊಂಡವಳಲ್ಲ.

ದನಿ ಗೋಡೆಗೆ ಬಡಿದು ಮೊಳಗದಿರಲೆಂದು ಗಿರಾಕಿಗಳ ಕೋಟುಗಳನ್ನೆಲ್ಲ ಸುತ್ತ ನೇತುಹಾಕಿಕೊಂಡೆ. ನೀವು ಹಾಡಲು ಬಳಸುತ್ತಿದ್ದ ವೈರನ್ನೇ ಮೈಕಿನ ಬಾಲಕ್ಕೆ ಸಿಕ್ಕಿಸಿದೆ. ಅದರ ಇನ್ನೊಂದು ತುದಿ, ಕಪ್ಪು ಉಂಗುರ ತೊಟ್ಟ ದಪ್ಪ ಮೊಳೆಯಂಥ ಪಿನ್ನು, ಅದನ್ನು ಡಬ್ಬಿಯ ತೂತಿಗೆ ಚುಚ್ಚಿದೆ. ಓದಿದೆ, ಕಳಿಸಿದೆ. ಗ್ರಂಥಾಲಯದ ಮೇಡಂ ಉತ್ತರ ಬರೆದರು. ಓದು ಹಿಡಿಸಿದೆ, ಆದರೆ ದನಿಯ ಹಿಂದೆ ಉದ್ದಕ್ಕೂ ಗುಂಯ್ ಎನ್ನುವ ಸದ್ದಿದೆ, ಅದಿದ್ದರೆ ತೆಗೆದುಕೊಳ್ಳಲಾಗದು, ಹದಿನೈದನೇ ತಾರೀಖಿನೊಳಗೆ ಇನ್ನೊಂದೇ ಒಂದು ಸಲ ಕಳಿಸಿ, ಇಲ್ಲವಾದರೆ ಪುಸ್ತಕ ಬೇರೆಯವರಿಗೆ ಹೋಗುತ್ತದೆ ಎಂದು. ನನಗೆ ಆ ಸದ್ದು ಕೇಳಿಸಿಯೇ ಇರಲಿಲ್ಲ ನೋಡಿ! ದಿನವಿಡೀ ಮಿಷನ್ನುಗಳ ನಡುವೆ ಇರುವ ಕಿವಿಗೆ ಗುಂಯ್ ಎಂದರೆ ಮನೆಯವರಿದ್ದ ಹಾಗೆ. ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿ ಕೇಳಿದೆ. ಇತ್ತು. ಪ್ರತಿ ಮಾತಿನ ಹಿಂದೆಯೂ ಜೇನುಗೂಡು ಕಟ್ಟಿದ ಹಾಗೆ ಇತ್ತು. ತಿರುಪು ಹಿಂದೆ ಮುಂದೆ ಮಾಡಿದೆ, ಮಿಷನ್ನುಗಳ ಸ್ವಿಚ್ಚು ಆರಿಸಿದೆ, ದೀಪ ಆರಿಸಿದೆ. ಹೋಗಲಿಲ್ಲ. ವೈರನ್ನು ಮುಟ್ಟಿದರೆ ಮಾತ್ರ ಗುಂಯ್ ಜಾಸ್ತಿ ಕಮ್ಮಿ ಆಗುತ್ತಿತ್ತು. ವೈರಿನದೇ ಕಿತಾಪತಿ ಎಂದು ಗೊತ್ತಾಯಿತು.

ಹೊಸ ವೈರು ತರಬೇಕು. ಅಂಗಡಿಗೆ ಹೋಗಿ ಗಂಡಸರ ನಡುವೆ ನಿಂತು ಕೇಳುವವರು ಯಾರು? ಅತ್ತೆ "ನಾನಿದೀನಲ್ಲ" ಎಂದು ಸೆರಗು ಸಿಕ್ಕಿಸಿದರು. ಹಳೇ ವೈರನ್ನು ಸುತ್ತಿ ಚೀಲಕ್ಕೆ ಹಾಕಿಕೊಂಡರು. "ಅಳತೆ ಅಂಗಿ ತಂದವರಿಗೆ ನಾವು ಯಾವತ್ತಾದ್ರೂ ತಪ್ಪು ಹೊಲಿದು ಕೊಟ್ಟಿದೀವಾ? ಇದೇ ಅಳತೆ ವೈರು. ಇದನ್ನ ತೋರಿಸ್ತೀನಿ, ಇಂಥದ್ದೇ ಕೊಡು ಅಂತೀನಿ, ಮುಗೀತು" ಎಂದರು. ನನಗೂ ಸರಿಯೆನಿಸಿತು. ಸಂಜೆಯೊಳಗೆ ಬಂದರು. ತಂದದ್ದು ಏನೆಂದುಕೊಂಡಿರಿ? ಮೈಗೆಲ್ಲ ನೇರಳೆ ಬಣ್ಣದ ನೂಲು ನೇಯ್ದ, ಕಿರುಬೆರಳಿನಷ್ಟು ದಪ್ಪದ, ಕೋಣೆಗೆ ಎರಡು ಸುತ್ತು ಬರುವಷ್ಟು ಉದ್ದದ ವೈರು! "ನೇಯ್ಗೆ ನೋಡೇ, ಒಂದು ಎಳೆ ಎದ್ದಿಲ್ಲ. ಅವನು ತೋರಿಸಿದ್ದರಲ್ಲೆಲ್ಲ ಇದೇ ಒಳ್ಳೇ ಬಟ್ಟೆ" ಎಂದು ಸವರಿದರು. ಇಷ್ಟುದ್ದ ಯಾಕೆ ಅತ್ತೆ ಎಂದರೆ, "ಹೆಚ್ಚಾದ್ರೆ ಒಳಗೆ ಮಡಚಿಕೋ, ಮುಂದಕ್ಕೆ ಬಿಚ್ಚಬಹುದು. ಗಿಡ್ಡ ಆದ್ರೆ ಎಲ್ಲಿಂದ ಎಳೀತೀಯ?" ಎಂದರು. ಬೆಳೆಯುವ ಮಕ್ಕಳ ಅಂಗಿಗೆ ಹೇಳುವ ಮಾತನ್ನೇ ವೈರಿಗೂ ಹೇಳಿದರು ನಿಮ್ಮಮ್ಮ.

ಹೆಚ್ಚಾದದ್ದನ್ನು ಅಚ್ಚುಕಟ್ಟಾಗಿ ಸುತ್ತಿ ಇಸ್ತ್ರಿ ಮೇಜಿನ ಕೆಳಗಿಟ್ಟು ಓದಿದೆ. ಕೇಳಿದರೆ, ಮೊದಲು ಜೇನುಗೂಡಾಗಿದ್ದದ್ದು ಈಗ ಹಿಟ್ಟಿನ ಗಿರಣಿಯಾಗಿತ್ತು. ನನಗೆ ಅಳುವೇ ಬಂತು. ತಾರೀಖು ಹತ್ತಿರ ಬರುತ್ತಿತ್ತು. ಅತ್ತೆ ಹೆಡ್‌ಫೋನನ್ನು ಒಂದೇ ಕಿವಿಗೆ ಹಿಡಿದು ಕೇಳಿ, "ಇಷ್ಟಕ್ಕೇನಂತೆ, ಕಳಿಸಿಬಿಡು. ಕಥೆ ಕೇಳೋವಾಗ ಇದನ್ನ ಯಾರು ಗಮನಿಸ್ತಾರೆ?" ಎಂದರು. ಆಗ ನನ್ನ ಬಾಯಿಂದ ಮಾತು ಹೊರಟೇಬಿಟ್ಟಿತು. "ಅವರಿಗೆ ಕಣ್ಣಿಲ್ಲ ಅತ್ತೆ, ಕೇಳೋದೇ ಎಲ್ಲ. ನಾವು ಕಲೆ ಬಿದ್ದ ಬಟ್ಟೆ ಮಡಚಿ ಕೊಡ್ತೀವಾ? ನಾನು ಇದನ್ನ ಕಳಿಸಲ್ಲ" ಎಂದೆ. ಮದುವೆಯಾಗಿ ಬಂದ ಮೇಲೆ ಅವರ ಮುಂದೆ "ಇಲ್ಲ" ಎಂದದ್ದು ಅದೇ ಮೊದಲು. ಅವರು ಕನ್ನಡಕದ ಮೇಲಿಂದ ನನ್ನನ್ನೇ ನೋಡಿದರು. ಬೈಗುಳ ಬರುತ್ತದೆ ಎಂದು ಕಾದೆ. "ಹಾಗಾದ್ರೆ ನೀನೇ ಹೋಗು. ನನ್ನ ಮಂಡಿಗೆ ಆಗಲ್ಲ" ಎಂದು ಚೀಲ ಎತ್ತಿ ಕೈಗೆ ಕೊಟ್ಟರು. ಮಂಡಿಯ ನೆಪ ಅದು, ನಿಮಗೇನು ಗೊತ್ತಿಲ್ಲವೇ.

ಅಂಗಡಿಯಲ್ಲಿ ಏನು ಕೇಳಬೇಕು ಎಂದೇ ನನಗೆ ತಿಳಿಯದು. ಹಾಗಾಗಿ ಮೈಕು, ಡಬ್ಬಿ, ಎರಡೂ ವೈರು, ಎಲ್ಲವನ್ನೂ ಕೋಟಿನ ಒಳಬಟ್ಟೆಯಲ್ಲಿ ಸುತ್ತಿ ಹೊತ್ತುಕೊಂಡು ಹೋದೆ. ಗಡಿಯಾರ ರಿಪೇರಿಯವರ ಪಕ್ಕದ ಸಣ್ಣ ಅಂಗಡಿ ಅದು. ಗೋಡೆಯ ತುಂಬ ಕಪ್ಪು ವೈರುಗಳು ಜಡೆಗಳ ಹಾಗೆ ಇಳಿಬಿದ್ದಿವೆ. ವೈರಿನ ಅಂಗಡಿಯವರು ನನ್ನ ಕೈಯಲ್ಲಿದ್ದ ನೇರಳೆ ಬಣ್ಣ ಕಂಡದ್ದೇ ತಡ, "ಓಹೋ, ಟೈಲರಮ್ಮನ ಮನೆಯವರಾ? ಅವತ್ತು ಚೌಕಾಸಿ ಮಾಡಿ ನನ್ನ ಬೆವರು ಇಳಿಸಿದ್ರು. ಯಾವುದರಿಂದ ಯಾವುದಕ್ಕೆ ಹಾಕ್ತೀರಮ್ಮ ಅಂತ ಕೇಳಿದ್ರೆ, ಅದೆಲ್ಲ ನಿನಗ್ಯಾಕೆ, ಇಂಥದ್ದೇ ಕೊಡು ಅಂದ್ರು. ಕೊಟ್ಟೆ" ಎಂದರು. ಅಂಗಡಿಯಲ್ಲಿದ್ದ ಇನ್ನಿಬ್ಬರು ನಕ್ಕರು. ವಾಪಸು ತಿರುಗಿಬಿಡೋಣ ಎನಿಸಿತು. ಆದರೆ ಯಾವುದರಿಂದ ಯಾವುದಕ್ಕೆ ಎಂಬ ಪ್ರಶ್ನೆಗೆ ಉತ್ತರ ನನ್ನ ಹತ್ತಿರ ಇತ್ತು! ಗಂಟು ಬಿಚ್ಚಿ ಮೇಜಿನ ಮೇಲಿಟ್ಟೆ. "ಇದರಿಂದ ಇದಕ್ಕೆ" ಎಂದೆ. ಆಮೇಲೆ ಉಸಿರೂ ಬಿಡದೆ ಎಲ್ಲ ಹೇಳಿಬಿಟ್ಟೆ, ಓದುವುದು, ಗುಂಯ್, ಹದಿನೈದನೇ ತಾರೀಖು. ನಗುತ್ತಿದ್ದವರೂ ಹತ್ತಿರ ಬಂದು ಬಗ್ಗಿ ನೋಡಿದರು. ಅಂಗಡಿಯವರು ಡಬ್ಬಿಯನ್ನು ತಿರುಗಿಸಿ ನೋಡಿ, "ಅವರು ಅಳತೆಗೆ ಅಂಗಿ ತಂದ್ರು, ನೀವು ಮೈಯನ್ನೇ ತಂದಿದೀರಿ. ಈಗ ಸರಿಹೋಯ್ತು. ತಪ್ಪು ಅಂಗಿನ ಅಳತೆಗೆ ಕೊಟ್ರೆ ಬರೋದೂ ತಪ್ಪು ಅಂಗಿನೇ ಅಲ್ವಾ" ಎಂದರು.

ಡಬ್ಬಿಯ ತೂತಿನ ಸುತ್ತ ಮೂರು ಸಣ್ಣ ಕಣ್ಣುಗಳಿವೆ, ನೆನಪಿದೆಯೇ? ಗಾಳಿ ಆಡಲು ಇರಬೇಕು ಎಂದು ನಾನು ಅಂದುಕೊಂಡಿದ್ದೆ. ನೀವೂ ಹಾಗೇ ಅಂದುಕೊಂಡಿರಬೇಕು, ಇಲ್ಲವಾದರೆ ಉಂಗುರದ ಪಿನ್ನನ್ನು ಅಲ್ಲಿ ಚುಚ್ಚುತ್ತಿರಲಿಲ್ಲ. ಮೈಕಿನ ಮನೆ ಆ ಮೂರು ಕಣ್ಣೇ ಅಂತೆ. ಉಂಗುರದ ಪಿನ್ನಿನ ವೈರಿನಲ್ಲಿ ದನಿ ಒಂದೇ ದಾರಿಯಲ್ಲಿ ಬರುತ್ತದೆ, ದಾರಿಯಲ್ಲಿ ಸಿಕ್ಕಿದ ಗುಂಯ್ ಅದರ ಬೆನ್ನು ಹತ್ತಿ ಒಳಗೆ ಬಂದುಬಿಡುತ್ತದೆ. ಮೂರು ಪಿನ್ನಿನ ವೈರಿನಲ್ಲಿ ದನಿ ಎರಡು ದಾರಿಯಲ್ಲಿ ಬರುತ್ತದೆ, ಒಂದರಲ್ಲಿ ನೆಟ್ಟಗೆ, ಇನ್ನೊಂದರಲ್ಲಿ ತಲೆಕೆಳಗಾಗಿ. ಗುಂಯ್ ಮಾತ್ರ ಎರಡಕ್ಕೂ ಒಂದೇ ಥರ ಅಂಟುತ್ತದೆ. ಡಬ್ಬಿಯೊಳಗೆ ತಲೆಕೆಳಗಾದದ್ದನ್ನು ನೆಟ್ಟಗೆ ತಿರುಗಿಸಿ ಕೂಡಿಸಿದಾಗ ದನಿಗೆ ದನಿ ಸೇರುತ್ತದೆ, ಆದರೆ ಅದರ ಜೊತೆ ತಿರುಗಿದ ಗುಂಯ್ ಇನ್ನೊಂದು ಗುಂಯ್‌ಗೆ ಎದುರಾಗಿ ಎರಡೂ ಸಾಯುತ್ತವೆ! ಅವರು ಇದನ್ನು ಹೇಳುವಾಗ ನನಗೆ ಚಪ್ಪಾಳೆ ಹೊಡೆಯಬೇಕೆನಿಸಿತು. ಇಸ್ತ್ರಿಯ ವೈರಿನ ಜೊತೆ ಜೊತೆಗೆ ಇದನ್ನು ಮಲಗಿಸಬಾರದು, ದಾಟಿಸಲೇಬೇಕಾದರೆ ಅಡ್ಡಡ್ಡ ದಾಟಿಸಬೇಕು, ಬೇಕಾದಷ್ಟೇ ಉದ್ದ ಇರಬೇಕು ಎಂದೂ ಹೇಳಿದರು.

ಆಮೇಲೆ ಮೂರು ವೈರು ಮುಂದಿಟ್ಟರು, ಆರಿಸಿಕೊಳ್ಳಿ ಎಂದರು. ಒಂದರ ತುದಿ ಚಿನ್ನದ ಹಾಗೆ ಹೊಳೆಯುತ್ತಿತ್ತು. ಇದು ಹಾಕಿದರೆ ದನಿ ಚೆನ್ನಾಗುತ್ತದೆಯೇ ಎಂದು ಕೇಳಿದೆ. "ಚಿನ್ನದ ಲೇಪಕ್ಕೆ ತುಕ್ಕು ಹಿಡಿಯಲ್ಲ, ಅಷ್ಟೇ. ಕಾಗೆ ಕೂಗಿದ್ರೆ ಕಾಗೆನೇ ಕೇಳ್ಸುತ್ತೆ" ಎಂದರು. ಪ್ರತಿಯೊಂದರದೂ ಕತ್ತರಿಸಿದ ತುಂಡು ಇತ್ತು. ಒಳಗೆ ನೋಡಿದೆ. ಅಲ್ಲಿ, ಕಪ್ಪು ಸಿಪ್ಪೆಯ ಒಳಗೆ, ತಾಮ್ರದ ಎಳೆಗಳ ನೇಯ್ಗೆ! ಹೊರಗಿನ ಸದ್ದನ್ನು ತಡೆಯುವುದು ಅದೇ ಅಂತೆ. ಅತ್ತೆ ಹುಡುಕಿದ್ದು ನೇಯ್ಗೆಯನ್ನೇ, ಇದ್ದದ್ದು ಒಳಗೆ. ಒಂದರಲ್ಲಿ ಎಳೆಗಳು ಸೊಳ್ಳೆ ಪರದೆಯ ಹಾಗೆ ಬಿಡಿಬಿಡಿ, ಇನ್ನೊಂದರಲ್ಲಿ ಬಗ್ಗಿಸಿದರೂ ಸಂದು ಬಿಡದ ಹಾಗೆ ಒತ್ತೊತ್ತು. ಒತ್ತಾದದ್ದನ್ನೇ ತೆಗೆದೆ. ಹೊಳಪಿಲ್ಲ, ಬಣ್ಣವಿಲ್ಲ, ನನ್ನ ಎರಡು ಕೈ ಚಾಚಿದಷ್ಟೇ ಉದ್ದ. ಪಿನ್ನಿನ ಬುಡದಲ್ಲಿ ವೈರನ್ನು ಹಿಡಿದ ಪಟ್ಟಿ ಬಿಗಿಯಾಗಿದೆಯೇ ಎಂದು, ಗುಂಡಿ ಎಳೆದು ನೋಡುವ ಹಾಗೆ ಎಳೆದೂ ನೋಡಿದೆ. "ಸಾಕಮ್ಮ, ಅದು ನಿಮ್ಮ ಅಂಗಡಿ ಗುಂಡಿಗಿಂತ ಗಟ್ಟಿ" ಎಂದರು. ಯಾರೂ ಹೇಳಿಕೊಡದೆ ನಾನೇ ಆರಿಸಿದ್ದು ಕಣ್ರೀ ಅದು. ದಾರಿಯುದ್ದಕ್ಕೂ ತಲೆ ಎತ್ತಿಕೊಂಡೇ ಬಂದೆ.

ಮರುದಿನ ಮಧ್ಯಾಹ್ನ ಅತ್ತೆ ಮಿಷನ್ನುಗಳನ್ನೆಲ್ಲ ನಿಲ್ಲಿಸಿ ಕೋಣೆಯ ಬಾಗಿಲಿಗೆ ಸ್ಟೂಲು ಹಾಕಿ ಕೂತರು. ಗಿರಾಕಿಯೊಬ್ಬರು ಬಂದರೆ ತುಟಿಗೆ ಬೆರಳಿಟ್ಟು ಕಳಿಸಿದರು, ನಂಬುತ್ತೀರಾ, ಗಿರಾಕಿಯನ್ನು ವಾಪಸು ಕಳಿಸಿದರು! ಕ್ಲಿಕ್ ಎಂದು ಮೂರು ಕಣ್ಣಿನಲ್ಲಿ ಪಿನ್ನು ಕೂತಿತು. ಹೆಡ್‌ಫೋನನ್ನು ಮೊದಲು ಅವರಿಗೇ ಹಾಕಿದೆ. "ಏನೂ ಕೇಳ್ತಿಲ್ಲ ಕಣೇ, ಸುಟ್ಟುಹೋಯ್ತೇನೋ!" ಎಂದು ಪಿಸುಗುಟ್ಟಿದರು. ಅದು ಕೆಟ್ಟದ್ದಲ್ಲ, ಗುಂಯ್ ಹೋದದ್ದು! ನಾನು ಪರದೆಯ ಹಿಂದೆ ಹೋಗಿ ಮೈಕಿನ ಮುಂದೆ ಕೂತು ಮೊದಲ ಸಾಲು ಓದಿದೆ. ಅತ್ತೆ ಅಧ್ಯಾಯ ಮುಗಿಯುವವರೆಗೂ ಹೆಡ್‌ಫೋನ್ ತೆಗೆಯಲಿಲ್ಲ, ಮಂಡಿ ನೋವಿನ ಮಾತನ್ನೂ ಎತ್ತಲಿಲ್ಲ. ಮುಗಿದ ಮೇಲೆ, "ನೀನು ಉಸಿರು ತಗೊಳ್ಳೋದೂ ಕೇಳುತ್ತೆ ಕಣೇ" ಎಂದರು. ಅಷ್ಟೇ ಹೇಳಿದ್ದು. ಆದರೆ ಅಂದಿನಿಂದ ಬಂದು ಹೋದವರಿಗೆಲ್ಲ ಮೂರು ಪಿನ್ನಿನ ಪಾಠ ಅವರೇ ಮಾಡುತ್ತಿದ್ದಾರೆ, ಪ್ಯಾಂಟು ಗಿಡ್ಡ ಮಾಡಿಸಲು ಬಂದವರನ್ನೂ ಬಿಟ್ಟಿಲ್ಲ. ನೇರಳೆ ವೈರನ್ನು ಗೋಡೆಯಿಂದ ಗೋಡೆಗೆ ಬಿಗಿದು ಹೊಲಿದ ಕೋಟುಗಳನ್ನು ನೇತುಹಾಕಿದ್ದಾರೆ. ಒಳ್ಳೇ ನೇಯ್ಗೆ, ಭಾರ ತಡೆಯುತ್ತದಂತೆ.

ಓದಿದ್ದನ್ನು ಹದಿಮೂರರಂದೇ ಕಳಿಸಿದೆ. ಉತ್ತರ ಇನ್ನೂ ಬಂದಿಲ್ಲ. ರಾತ್ರಿ ನಿದ್ದೆಯಲ್ಲೂ ಅದೇ ಯೋಚನೆ. ಆದರೂ ಕಳಿಸಿದ್ದರಲ್ಲಿ ಕಲೆಯಿಲ್ಲ, ಅದು ನನಗೆ ಗೊತ್ತು. ನೀವು ಕಾಲಿಗೆ ಬಿಸಿನೀರು ಹಾಕಿಕೊಳ್ಳಿ, ಮುಂದಿನ ಬಂದರಿನಲ್ಲಿ ಒಳ್ಳೆಯ ಚಪ್ಪಲಿ ನೋಡಿ ಕೊಳ್ಳಿ. ನಿಮ್ಮ ತಲೆ ಮೇಲೆ ಕೈಯಿಟ್ಟು ಹರಸಿದ್ದಾರೆಂದು ಬರೆಯಲು ಅತ್ತೆ ಹೇಳಿದರು. ಗುಂಡಿ ಅಕ್ಕ ನಿಮ್ಮ ಕ್ಷೇಮ ಕೇಳಿದ್ದಾಳೆ. ಅಲೆ ಜೋರಿದ್ದ ದಿನ ಬಿಸಿ ಬಾಣಲೆಯ ಹತ್ತಿರ ಹುಷಾರು.

ಇತಿ,
ಮನೆಯಲ್ಲಿ ನಿಮ್ಮನ್ನು ಎದುರು ನೋಡುತ್ತಿರುವ
ನಿಮ್ಮವಳು

ತಾ.ಕ.: ಅಂಟಿಸಿದ ಲಕೋಟೆಯನ್ನು ಮತ್ತೆ ಹರಿದು ಬರೆಯುತ್ತಿದ್ದೇನೆ, ಅಂಚೆಯವರು ಬಾಗಿಲಲ್ಲೇ ನಿಂತಿದ್ದಾರೆ, ಗ್ರಂಥಾಲಯದ ಮೇಡಂ ಬರೆದ ಕಾಗದವನ್ನು ಈಗಷ್ಟೇ ಅವರೇ ಕೊಟ್ಟರು. ಪುಸ್ತಕ ನನಗೇ ಬಂತು! ಇಡೀ ಪುಸ್ತಕ! ಸೋಮವಾರದಿಂದ ಶುರು, ಬಹಳ ದಪ್ಪದ್ದು, ನೀವು ರಜೆಗೆ ಬರುವ ಹೊತ್ತಿಗೂ ಮುಗಿದಿರುವುದಿಲ್ಲ. ಆದ್ದರಿಂದ ಈಗಲೇ ಹೇಳಿಬಿಡುತ್ತೇನೆ, ಮರೆಯಬೇಡಿ. ಬಂದ ದಿನ ಬಾಗಿಲ ಚಿಲಕಕ್ಕೆ ಕೆಂಪು ಬಟ್ಟೆ ಕಟ್ಟಿದ್ದರೆ ತಟ್ಟಬೇಡಿ, ಕೂಗಬೇಡಿ, ಪೆಟ್ಟಿಗೆ ಎಳೆದು ಸದ್ದು ಮಾಡಬೇಡಿ. ಮೆಟ್ಟಿಲ ಮೇಲೆ ಅತ್ತೆಯ ಪಕ್ಕ ಸುಮ್ಮನೆ ಕೂತಿರಿ. ಅಧ್ಯಾಯ ಮುಗಿಸಿ ನಾನೇ ಬಂದು ಬಾಗಿಲು ತೆಗೆಯುತ್ತೇನೆ.