ಎಡಗಡೆ ಖಾಲಿ ಇದೆ

ಅಂಗಡಿಯ ಮೇಜಿನಿಂದ,
ಶನಿವಾರ, ಹದಿನಾಲ್ಕನೇ ತಾರೀಕು

ಪ್ರೀತಿಯ ತಮ್ಮಾ,

ಮೊಣಕಾಲು ನೋವು ಹೇಗಿದೆ? ಮೆಟ್ಟಿಲು ಹತ್ತುವುದಕ್ಕೂ ಕಷ್ಟಪಡುತ್ತೀಯೆಂದು ತಂಗಿ ಹೇಳಿದಳು. ನಿನ್ನ ಸುದ್ದಿ ಈಗ ಅವಳ ಬಾಯಿಂದಲೇ ತಿಳಿಯಬೇಕಷ್ಟೆ. ನನಗೂ ಸಾಕಾಗಿದೆ. ಕಣ್ಣು ಮಂಜಾಗಿ ರೆಸಿಸ್ಟರಿನ ಕಂದು ಪಟ್ಟಿ, ಕೆಂಪು ಪಟ್ಟಿ ಎರಡೂ ಒಂದೇ ಥರ ಕಾಣುತ್ತವೆ. ರೇಡಿಯೊ ರಿಪೇರಿಗೆ ತರುವವರೂ ಇಲ್ಲ. ಕೆಟ್ಟರೆ ಎಸೆದು ಹೊಸದು ಕೊಳ್ಳುತ್ತಾರೆ. ಈ ವರ್ಷ ಅಂಗಡಿ ಮುಚ್ಚಿಬಿಡುತ್ತೇನೆ.

ಕಪಾಟು ಖಾಲಿ ಮಾಡುವಾಗ ನಮ್ಮ ಬಿಸ್ಕತ್ತಿನ ಡಬ್ಬಿ ಸಿಕ್ಕಿತು. ಮುಂದೆ ಬೇಕಾದೀತೆಂದು ಇಬ್ಬರೂ ಕೂಡಿಟ್ಟ ಪವರ್ ಟ್ರಾನ್ಸಿಸ್ಟರುಗಳು, ಇಪ್ಪತ್ತೆರಡು. "ಇವಕ್ಕೆ ಮೊಳಕೆ ಬರೋವರೆಗೂ ಇಟ್ಕೊಳ್ತೀರಾ?" ಎಂದಳು ನಿನ್ನ ಅತ್ತಿಗೆ. ಗುಜರಿಗೆ ಹಾಕಲು ಮನಸ್ಸಾಗಲಿಲ್ಲ. ಮೂರು ದಿನ ಮೀಟರು ಹಿಡಿದು ಒಂದೊಂದನ್ನೇ ಅಳೆದೆ. ಒಂದಕ್ಕೊಂದು ಹೊಂದುವ ನಾಲ್ಕು ಸಿಕ್ಕವು. ಅಷ್ಟಿದ್ದರೆ ಒಂದು ಕೊನೆಯ ಆಂಪ್ಲಿಫೈಯರ್ ಆಗುತ್ತದೆ, ಎಡಗಡೆಯ ಸ್ಪೀಕರಿಗೆರಡು, ಬಲಗಡೆಯದಕ್ಕೆರಡು.

ಟ್ರಾನ್ಸ್‌ಫಾರ್ಮರಿಗಾಗಿ ಅಟ್ಟದಿಂದ ಹಳೆಯ ಆಂಪ್ಲಿಫೈಯರ್ ಪೆಟ್ಟಿಗೆ ಇಳಿಸಬೇಕಾಯಿತು. ಯಾವುದೆಂದು ನಿನಗೆ ಗೊತ್ತು. ಅಂದೂ ಎಡಗಡೆ ನಿನ್ನದು, ಬಲಗಡೆ ನನ್ನದು. ತಂಗಿಯ ಮದುವೆಯ ಬೆಳಿಗ್ಗೆ ಅವಸರದಲ್ಲಿ ಜೋಡಿಸಿದೆವು; ಸ್ವಿಚ್ ಹಾಕುತ್ತಲೇ ಹೊಗೆ. ಟ್ರಾನ್ಸಿಸ್ಟರು ಅಲ್ಯೂಮಿನಿಯಂ ತಟ್ಟೆಗೆ ತಾಗದಂತೆ ನಡುವೆ ಅಭ್ರಕದ ಹಾಳೆ ಇಡದಿದ್ದರೆ ಹಾಗೇ ಆಗುವುದು. ಹಿಂದೊಮ್ಮೆ ನೀನು ಅದನ್ನು ಮರೆತಿದ್ದೆಯಲ್ಲ, ಈ ಸಲವೂ ನಿನ್ನದೇ ತಪ್ಪೆಂದುಕೊಂಡು ಪೆಟ್ಟಿಗೆ ಬಿಚ್ಚಿಯೂ ನೋಡದೆ ನಾನು ನೆಂಟರೆದುರು ಅಂದುಬಿಟ್ಟೆ: "ಇವನ ಕೈಗೆ ಕೊಟ್ಟಿದ್ದೇ ನನ್ನ ತಪ್ಪು." ನೀನು ಸ್ಕ್ರೂಡ್ರೈವರ್ ಮೇಜಿನ ಮೇಲಿಟ್ಟು ಹೋದೆ. ಹನ್ನೊಂದು ವರ್ಷವಾಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆ ಸ್ಕ್ರೂಡ್ರೈವರ್ ಇನ್ನೂ ಇಲ್ಲೇ ಇದೆ.

ನಿನ್ನ ಹೆಂಡತಿಗೆ ನಾನು ಕೇಳಿದೆನೆಂದು ಹೇಳು. ಮಗಳಿಗೆ ದೊಡ್ಡಪ್ಪನ ಆಶೀರ್ವಾದ; ಅವಳನ್ನು ನೋಡಿದ್ದು ತೊಟ್ಟಿಲಲ್ಲಿ. ಮೊಣಕಾಲಿಗೆ ಬಿಸಿನೀರಿನ ಶಾಖ ಕೊಡು, ಅಸಡ್ಡೆ ಮಾಡಬೇಡ.

ಇಂತಿ,
ನಿನ್ನ ಅಣ್ಣ

ತಾ.ಕ.: ಇಷ್ಟುದ್ದ ಬರೆದೂ ಹೇಳಬೇಕಾದದ್ದನ್ನು ಹೇಳಲಿಲ್ಲ. ಮೊನ್ನೆ ಪೆಟ್ಟಿಗೆ ಬಿಚ್ಚಿದೆ. ನಿನ್ನ ಎರಡೂ ಟ್ರಾನ್ಸಿಸ್ಟರುಗಳ ಕೆಳಗೆ ಅಭ್ರಕ ಇದೆ, ಅಂಚು ಕೂಡ ಸರಿಯಾಗಿ ಕತ್ತರಿಸಿದ್ದೀಯ. ಸುಟ್ಟಿರುವುದು ಬಲಗಡೆಯದು. ಅದರ ಕೆಳಗೆ ಏನೂ ಇಲ್ಲ. ತಪ್ಪು ನನ್ನದು, ತಮ್ಮಾ. ಹೊಸದರಲ್ಲಿ ನನ್ನ ಭಾಗ ಮುಗಿಸಿದ್ದೇನೆ, ಅಭ್ರಕ ಇಟ್ಟು ಎರಡು ಸಲ ನೋಡಿದ್ದೇನೆ. ಎಡಗಡೆ ಮುಟ್ಟಿಲ್ಲ. ನೀನು ಬರುವವರೆಗೆ ಅಂಗಡಿ ಮುಚ್ಚುವುದಿಲ್ಲ.