ಐವತ್ತು ಒಗೆತಕ್ಕೆ ಗ್ಯಾರಂಟಿ

ನವೆಂಬರ್ 4, ಮಂಗಳವಾರ

ಇವತ್ತೂ ಮೂರು ಅಂಗಡಿ. ಒಂದರಲ್ಲಿ ಟೋಪಿಯಿರುವ ಹೂಡಿ ಅಂಗಿ ಮೆತ್ತಗಿತ್ತು, ಒಳಮೈ ತಿರುಗಿಸಿ ಉಜ್ಜಿದರೆ ಅರ್ಧ ನೂಲು ಬೆರಳಿಗೇ ಬಂತು. ಇನ್ನೊಂದರಲ್ಲಿ ಬಟ್ಟೆ ಗಟ್ಟಿ, ರೇಟು ಇನ್ನೂ ಗಟ್ಟಿ. ಮೂರನೆಯದು ಚೀಪ್. ತೋಳಿನ ಪಟ್ಟಿ ಎಳೆದೆ — ಎಳೆದ ಹಾಗೇ ನಿಂತಿತು, ಆಕಳಿಸಿ ಮುಚ್ಚಲು ಮರೆತ ಬಾಯಿಯ ಥರ. ಅಂಗಡಿಯವನು, "ತಗೊಳ್ಳೋಕೆ ಬಂದ್ಯೇನಮ್ಮ, ಪೋಸ್ಟ್‌ಮಾರ್ಟಮ್ ಮಾಡೋಕೆ ಬಂದ್ಯಾ?" ಅಂದ. ಸಾರಿ ಅಂದೆ. ಬಾಯಿಗೆ ಮೊದಲು ಬರುವುದೇ ಅದು.

ತಪ್ಪು ನನ್ನದೇ. ಕ್ಲಾಸಿಗೆಲ್ಲ ಒಂದೇ ಥರದ ಹೂಡಿ, ಬೆನ್ನ ಮೇಲೆ ಅವರವರಿಗೆ ಬೇಕಾದ ಹೆಸರು — ಬಟ್ಟೆ ಯಾರು ಹುಡುಕುತ್ತೀರಿ ಅಂದಾಗ ಎಲ್ಲರಿಗೂ ಫೋನಿನಲ್ಲಿ ಏನೋ ಅರ್ಜೆಂಟ್. ನಾನು ಬಾಯಿಬಿಟ್ಟೆ: ಏಳು ವರ್ಷ ಹಾಸ್ಟೆಲ್ ಲಾಂಡ್ರಿ ಕಂಡವಳು, ಯಾವ ಬಟ್ಟೆ ಬದುಕುತ್ತದೆ ಗೊತ್ತು. ಕ್ಲಾಸ್ ಲೀಡರ್ ಚಪ್ಪಾಳೆ ತಟ್ಟಿದಳು. "ಇವಳೇ ಇನ್ಮೇಲೆ ಬಟ್ಟೆ ಮಂತ್ರಿ!" ಕೊನೆ ಬೆಂಚಿನ ಗುಂಡ, "ನಮಗೆ ಟೋಪಿ ಹಾಕ್ಬೇಡ ಕಣೇ" ಅಂದ. ಕಾಲೇಜು ಸೇರಿದ ಮೇಲೆ ಎಲ್ಲರೂ ನನ್ನತ್ತ ತಿರುಗಿದ್ದು ಅದೇ ಮೊದಲು.

ನವೆಂಬರ್ 8, ಸಂಜೆ

ಸಿಕ್ಕಿತು! ಬಸ್ ಸ್ಟ್ಯಾಂಡ್ ಹಿಂದೆ, ಟೈಲರ್ ಅಕ್ಕನ ಅಂಗಡಿ. ಪೂರ್ತಿ ಹತ್ತಿ. ಟೋಪಿಗೆ ಎರಡು ಪದರ, ಭುಜಕ್ಕೆ ಡಬಲ್ ಹೊಲಿಗೆ. ನಮ್ಮೆಲ್ಲರ ಜೇಬಿಗೂ ಎಟಕುವ ರೇಟ್. ಪ್ರಿಂಟೂ ಅವರದೇ. ಹೆಸರು ಅಳಿಸಲ್ವಾ, ನಿಜವಾಗ್ಲೂ ಅಳಿಸಲ್ವಾ ಅಂತ ಪೀಡಿಸಿದೆ. "ಐವತ್ತು ಒಗೆತಕ್ಕೆ ಗ್ಯಾರಂಟಿ ಕಣೇ ತಾಯಿ. ಬಟ್ಟೆ ಹರಿದ್ರೂ ಅಕ್ಷರ ಹೋಗಲ್ಲ. ಸಾಕಾ?"

ಸಾಕು. ಸ್ಯಾಂಪಲ್ ಕೊಟ್ಟಿದ್ದಾರೆ, ಸೋಮವಾರ ಎಲ್ಲರೂ ಹಾಕಿ ನೋಡಿ ಹಿಂದಿರುಗಿಸಬೇಕು. ಈಗ ಅದನ್ನೇ ಹಾಕಿಕೊಂಡು ಬರೆಯುತ್ತಿದ್ದೇನೆ. ಟೋಪಿ ಎಳೆದರೆ ಜಗತ್ತು ಮ್ಯೂಟ್.

ನನ್ನ ಹೂಡಿಯ ಬೆನ್ನಿಗೆ ಅಜ್ಜಿ ಇಟ್ಟ ಹೆಸರೇ ಹಾಕಿಸುತ್ತೇನೆ, ರಿಜಿಸ್ಟರಿನಲ್ಲಿರುವುದಲ್ಲ. ಅಜ್ಜಿ ಹೋದ ಮೇಲೆ ಯಾರೂ ಕರೆದಿಲ್ಲ. ಸ್ಕೂಲ್ ಹಾಸ್ಟೆಲ್‌ನಲ್ಲಂತೂ ನಾನು ಫಾರ್ಟಿಸೆವೆನ್. ತಟ್ಟೆಯ ಅಡಿಗೆ, ಬಕೆಟ್ಟಿನ ಮೈಗೆ, ಕಾಲರಿನ ಒಳಗೆ — 47. ವಿಸಿಟಿಂಗ್ ದಿನ ಅಪ್ಪನೂ ಗೇಟಿನಲ್ಲಿ ನಿಂತು, "ಫಾರ್ಟಿಸೆವೆನ್‌ನ ಕಳಿಸಿ" ಅಂದಿದ್ದರು. ವಾಚ್‌ಮನ್‌ಗೆ ಸುಲಭವಾಗಲಿ ಅಂತ. ಪಾಪ.

ನವೆಂಬರ್ 10

ಈ ಕೈ ಮುರಿದುಹೋಗಲಿ.

ಲೀಡರ್ ಸ್ಯಾಂಪಲ್ ಹಾಕಿಕೊಳ್ಳಲು ಹೋದವಳು ನಿಂತಳು. "ಇದೇನೇ ಇದು?"

ಕತ್ತಿನ ಪಟ್ಟಿಯ ಒಳಗೆ, ಅಳಿಸದ ಇಂಕಿನಲ್ಲಿ, 47. ನನ್ನದೇ ಬರಹ. ಬರೆದ ನೆನಪೇ ಇಲ್ಲ. ಹೊಸ ಬಟ್ಟೆ ಬಂತೋ — ಪೆನ್ ತೆಗೆ, ಕಾಲರ್ ತಿರುಗಿಸು, ಬರೆ. ಹಾಸ್ಟೆಲ್ ಬಿಟ್ಟದ್ದನ್ನು ಕೈಗೆ ಯಾರೂ ತಿಳಿಸಿಲ್ಲ.

"ಕೈದಿ ನಂಬರ್ ಕಣ್ರೋ!" ಗುಂಡ ಕಿರುಚಿದ. "ಏನ್ ಕೇಸು? ಕೊಲೆನಾ?"

ಸುಮ್ಮನಿರಬೇಕಿತ್ತು. ವಿವರಿಸಿದೆ. ತಟ್ಟೆ, ಬಕೆಟ್, ಕೊನೆಗೆ ಗೇಟಿನಲ್ಲಿ ನಿಂತ ಅಪ್ಪ... ಅದನ್ನೂ ಹೇಳಿಬಿಟ್ಟೆ! ಬಿದ್ದು ಬಿದ್ದು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು.

ಸಂಜೆ ಸ್ಯಾಂಪಲ್ ತೋರಿಸಿದಾಗ ಟೈಲರ್ ಅಕ್ಕ ಬೈಯಲಿಲ್ಲ. "ಬಿಡು, ಇದ್ರ ಮೇಲೇ ನಿನ್ನ ಹೆಸರು ಹಾಕಿ ನಿಂಗೇ ಕೊಡ್ತೀನಿ." ಪ್ರಿಂಟಿಗೆ ಎಲ್ಲರ ಹೆಸರಿನ ಪಟ್ಟಿ ಕಳಿಸುವವಳು ಲೀಡರ್; ಅಜ್ಜಿ ಇಟ್ಟ ಹೆಸರನ್ನು ಅವಳಿಗೆ ಮೆಸೇಜ್ ಮಾಡಿದೆ. "ಇದ್ಯಾರು?" ಅಂತ ಕೇಳಿದಳು. ನಾನೇ, ಅಂದೆ.

ನವೆಂಬರ್ 21

"ಫಾರ್ಟಿಸೆವೆನ್, ನೋಟ್ಸ್ ಕೊಡೇ." "ಫಾರ್ಟಿಸೆವೆನ್, ಕ್ಯಾಂಟೀನಿಗೆ ಬರ್ತೀಯಾ?"

ಮೊದಲು ಯಾರೂ ಕ್ಯಾಂಟೀನಿಗೆ ಕರೆದವರಲ್ಲ. ಓ ಅನ್ನುತ್ತೇನೆ, ಹೋಗುತ್ತೇನೆ. ಹೋಗದಿದ್ದರೆ ಕರೆಯುವುದನ್ನೂ ಬಿಡುತ್ತಾರೆ.

ಅಮ್ಮ ಫೋನ್ ಮಾಡಿದ್ದರು. "ಫ್ರೆಂಡ್ಸ್ ಆದ್ರಾ?"

"ಆದ್ರು."

"ಏನಂತ ಕರೀತಾರೆ ನಿನ್ನ?"

"ನೆಟ್‌ವರ್ಕ್ ಸರಿ ಇಲ್ಲಮ್ಮ."

ಹೂಡಿ ಬರಲಿ. ಬೆನ್ನ ಮೇಲೆ ದಪ್ಪಕ್ಷರದಲ್ಲಿ ಇದ್ದರೆ, ದಿನಾ ಓದಿ ಓದಿಯಾದರೂ...

ಡಿಸೆಂಬರ್ 1

ಬಂತು. ಎಲ್ಲರದ್ದೂ ಗುಡ್ಡೆ ಹಾಕಿದ್ದರು, ನನ್ನದು ಮಾತ್ರ ಪ್ಯಾಕ್ ಮಾಡಿ ರಿಬ್ಬನ್ ಕಟ್ಟಿತ್ತು.

"ಕಣ್ಮುಚ್ಚೇ," ಅಂದಳು ಲೀಡರ್. ಮುಚ್ಚಿದೆ. ತೆರೆದೆ.

47. ಈ ಭುಜದಿಂದ ಆ ಭುಜದವರೆಗೆ.

"ಸರ್‌ಪ್ರೈಸ್! ಆ ಇನ್ನೊಂದು ಹೆಸರು ಯಾರಿಗೆ ಗೊತ್ತು ಮಾರಾಯ್ತಿ? ಇದು ಅಂದ್ರೆ ನೀನೇ!"

ತಬ್ಬಿಕೊಂಡಳು. ಪ್ರೀತಿಯಿಂದಲೇ. ಅದೇ ಕಷ್ಟ. ಅಣಕಕ್ಕೆ ಮಾಡಿದ್ದರೆ ಮುಖದ ಮೇಲೆ ಎಸೆದು ಬರಬಹುದಿತ್ತು. ಥ್ಯಾಂಕ್ಸ್ ಅಂದೆ. ಗ್ರೂಪ್ ಫೋಟೋಗೆ ಎಲ್ಲರೂ ಬೆನ್ನು ತಿರುಗಿಸಿ ನಿಂತೆವು — ಅಳುವವರಿಗೆ ಅನುಕೂಲ.

ಡಿಸೆಂಬರ್ 6, ಬೆಳಿಗ್ಗೆ

ಮೊನ್ನೆ ಒಗೆದೆ. ಕುದಿನೀರು, ಸೋಪು, ಬಾತ್‌ರೂಮ್ ಬ್ರಷ್. ಅಂಕಿಯ ಅಂಚು ಕೂಡ ಏಳಲಿಲ್ಲ. ಹೊಲಿಗೆ ಕದಲಿಲ್ಲ. ತೋಳಿನ ಪಟ್ಟಿ ಎಳೆದರೆ ಮರ್ಯಾದೆಯಿಂದ ಸ್ವಸ್ಥಾನಕ್ಕೆ. ಬಟ್ಟೆ ಮಂತ್ರಿ ಗಟ್ಟಿಗಿತ್ತಿ, ಒಪ್ಪಬೇಕು.

ಬೇರೆ ಬೆಚ್ಚಗಿನದು ಇಲ್ಲ. ಹಾಕಿಕೊಂಡಿದ್ದೇನೆ. ಒಳಗೂ ಅದೇ, ಹೊರಗೂ ಅದೇ, ನಡುವೆ ನಾನು. ಬಲಭುಜಕ್ಕೆ ಬ್ಯಾಗ್ ಹಾಕಿದರೆ ಏಳು ಮುಚ್ಚುತ್ತದೆ, ನಾಲ್ಕು ಇಣುಕುತ್ತದೆ.

ಕನ್ನಡಿ ಎದುರು ಅಜ್ಜಿ ಇಟ್ಟ ಹೆಸರನ್ನು ಮೆಲ್ಲಗೆ ಕರೆದು ನೋಡಿದೆ. ಪಕ್ಕದ ಮನೆಯ ಮಗುವನ್ನು ಕರೆದ ಹಾಗಿತ್ತು. ಇನ್ನೊಂದು ಸಲ, ಸ್ವಲ್ಪ ಜೋರಾಗಿ...

ಕೆಳಗೆ ರಸ್ತೆಯಿಂದ ಲೀಡರ್. "ಫಾರ್ಟಿಸೆವೆನ್! ಬರ್ತೀಯೋ ಇಲ್ವೋ?"

ಕೂಗು ಮುಗಿಯುವ ಮೊದಲೇ ಎದ್ದು ನಿಂತಿದ್ದೇನೆ. ಪೆನ್ ಇನ್ನೂ ಕೈಯಲ್ಲೇ —