ಮುರಿಯದ ಬ್ಲೇಡು

೨೮ ಜುಲೈ ೨೦೦೮, ಸೋಮವಾರ

ಇವತ್ತು ಒಂದೇ ಒಂದು ಬ್ಲೇಡೂ ಮುರಿಯಲಿಲ್ಲ! ಆಷಾಢಕ್ಕೆ ತವರಿಗೆ ಹೋಗುವ ಮುಂಚೆ ಚೈತ್ರಶ್ರೀ ಬರೆದಿಟ್ಟ ಹೂಬಳ್ಳಿಯನ್ನು ಅವಳ ಕನ್ನಡಿಯ ಚೌಕಟ್ಟಿಗೆ ಕೊರೆಯಲು ಹೋಗಿ ಸ್ಕ್ರೋಲ್ ಸಾ ಎಂಬ ಗರಗಸದ ಯಂತ್ರದ ಒಂಬತ್ತು ಬ್ಲೇಡು ಮುರಿದಿದ್ದೆ. ಅವಳು ಬರುವುದರೊಳಗೆ ಮುಗಿಯುವುದೇ ಇಲ್ಲವೆಂದು ಊಟವೂ ಸೇರುತ್ತಿರಲಿಲ್ಲ.

ಮಗ್ಗೆಯ ಬಡಗಿ ದೇವೀರಪ್ಪನವರು ಬಂದು ನೋಡಿದರು. "ಇಂಚು ದಪ್ಪದ ಸಿಲ್ವರ್ ಓಕ್ ಮರಕ್ಕೆ ಕೂದಲಿನಂಥ ಬ್ಲೇಡು ಹಾಕಿದ್ದೀಯ. ಸಡಿಲ ಬೇರೆ ಐತೆ."

"ಬಿಗಿ ಮಾಡಿದ್ರೆ ಮುರಿಯುತ್ತೆ ಅಂತ ಹೆದರಿಕೆ."

"ಸಡಿಲ ಇದ್ರೇನೇ ಬಾಗಿ ಮುರಿಯೋದು ಮಾರಾಯ. ಹೆಂಡ್ತಿ ಬರೋ ದಿನ ಎಣಿಸ್ತಾ ಕೂತ್ರೆ ಇದೆಲ್ಲ ಎಲ್ಲಿ ತೋಚುತ್ತೆ?"

ಅಗಲವಾದ, ದೊಡ್ಡ ಹಲ್ಲಿನ ಬ್ಲೇಡು ಹಾಕಿ, ತಿರುಪು ಬಿಗಿಯುತ್ತ ಬೆರಳಿನಿಂದ ಮೀಟಿದರು. ಮೊದಲು ಮಂಕಾದ ಸದ್ದು. ಟಿಣ್ ಎಂದ ಕೂಡಲೇ ನಿಲ್ಲಿಸಿದರು. ಎಂಥ ಕಿವಿ ಅವರದು. ಇಂಗ್ಲಿಷ್ ಮ್ಯಾನ್ಯುಯಲ್ಲನ್ನು ಮೂರು ಸಲ ಓದಿದ ನನಗೆ ಅದು ತಿಳಿದಿರಲಿಲ್ಲ. ಅವರು ಹೇಳಿದಂತೆ ಮರವನ್ನು ನೂಕದೆ ನಿಧಾನವಾಗಿ ಬ್ಲೇಡಿಗೆ ಕೊಟ್ಟೆ. ಬಳ್ಳಿಯ ಕೊನೆಯ ಸುರುಳಿಯೂ ಸೀಳದೆ ಬಂತು. ಅವರ ಎದುರಿಗೇ ಕುಣಿದುಬಿಟ್ಟೆ.

ನಾಳೆ ಉಜ್ಜಿ ಪಾಲಿಶ್ ಹಚ್ಚಿದರೆ ಒಣಗಲು ನಾಲ್ಕು ದಿನ ಸಿಗುತ್ತದೆ. ಚೈತ್ರಾ ಬರುವುದು ಭಾನುವಾರ ಬೆಳಗ್ಗೆ, ಬೆಂಗಳೂರಿನ ರಾತ್ರಿ ರೈಲಿಗೆ.